ಪೊರೆ ಕಳಚಿದ ಮೇಲೆ ಟರಂಟುಲಾ ಕಾಲು ಮುದುಡಿಕೊಂಡು ಕೂತಿದೆ, ಆಹಾರವನ್ನೂ ಮುಟ್ಟುತ್ತಿಲ್ಲ: ದಯವಿಟ್ಟು ತಿಳಿದವರು ಹೇಳಿ

ಹಿಮದೂರು (ಮಿನಿಯಾಪೊಲಿಸ್)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಮೆಕ್ಸಿಕನ್ ರೆಡ್‌ನೀ ಜಾತಿಯ ಟರಂಟುಲಾ, ಅಂದರೆ ಮೈತುಂಬ ಕೂದಲಿರುವ ದೊಡ್ಡ ಜೇಡ, ಒಂದಿದೆ. ಮಗಳು ಅದಕ್ಕೆ ಕೆಂಪಿ ಎಂದು ಹೆಸರಿಟ್ಟಿದ್ದಾಳೆ. ಚಳಿ ಶುರುವಾಗುವ ಮೊದಲೇ ಕೆಂಪಿ ಆಹಾರ ಬಿಟ್ಟಿತ್ತು ಮತ್ತು ಹೊಟ್ಟೆಯ ಮೇಲೆ ಕೂದಲು ಉದುರಿದ ಜಾಗ ಕಪ್ಪಾಗಿತ್ತು. ಹೀಗಾಗಿ ಪೊರೆ ಬಿಡುವ ಕಾಲ ಹತ್ತಿರವಾಗಿದೆ ಎಂದು ನಮಗೆ ಗೊತ್ತಿತ್ತು. ಕಳೆದ ವಾರ ಅದು ನೆಲದ ಮೇಲೆ ಬಲೆಯ ಹಾಸು ನೇಯ್ದು, ಅಂಗಾತ ಮಲಗಿ, ರಾತ್ರಿಯಿಡೀ ಶ್ರಮಪಟ್ಟು ಪೊರೆಯಿಂದ ಹೊರಬಂದಿತು.

ಆದರೆ ಎಡಗಡೆಯ ಮೂರನೆಯ ಕಾಲಿನ ತುದಿಯಲ್ಲಿ ಹಳೆಯ ಪೊರೆಯ ತುಂಡೊಂದು ಇನ್ನೂ ಅಂಟಿಕೊಂಡಿದೆ. ಹಿಂದಿನ ಸಲ ಪೊರೆ ಬಿಟ್ಟಾಗ ಕಾಲುಗಳನ್ನು ಚಾಚಿ ಆರಾಮವಾಗಿ ಮಲಗಿತ್ತು, ಈ ಸಲ ಅವುಗಳನ್ನು ಮೈಗೆ ಹತ್ತಿರ ಎಳೆದುಕೊಂಡು ಕೂತಿದೆ. ನಿನ್ನೆ ಒಂದು ಸಣ್ಣ ಜಿರಳೆಯನ್ನು ಬಿಟ್ಟಾಗ ಅದು ಹೆದರಿ ಹಿಂದೆ ಸರಿಯಿತು, ತಕ್ಷಣ ಜಿರಳೆಯನ್ನು ತೆಗೆದೆವು. ಹೊರಗೆ ಹಿಮ ಬೀಳುತ್ತಿರುವುದರಿಂದ ಮನೆಯಲ್ಲಿ ಹಗಲೂ ರಾತ್ರಿ ಹೀಟರ್ ಓಡುತ್ತಿದೆ. ಇದು ಸಾಯುವ ಲಕ್ಷಣವೇ ಅಥವಾ ಸುಸ್ತೇ ಎಂಬುದು ನಮಗೆ ತಿಳಿಯುತ್ತಿಲ್ಲ.

ಎಂಟುಕಾಲು (ಬೆಂಗಳೂರು)

ಮೊದಲು ಇಷ್ಟಕ್ಕೆ ಉತ್ತರಿಸಿ. ಕಾಲುಗಳು ಪಕ್ಕಕ್ಕೆ ಮಡಚಿವೆಯೇ ಅಥವಾ ಮುಷ್ಟಿ ಹಿಡಿದ ರೀತಿಯಲ್ಲಿ ಮೈಯ ಅಡಿಗೆ ಸುತ್ತಿಕೊಂಡಿವೆಯೇ? ಕೋರೆಹಲ್ಲುಗಳ ಬಣ್ಣ ಬಿಳಿಯೋ, ಕೆಂಪೋ, ಕಪ್ಪೋ? ನೀರಿನ ಬಟ್ಟಲು ತುಂಬಿದೆಯೇ? ಕಳಚಿದ ಪೊರೆಯನ್ನು ಇಟ್ಟುಕೊಂಡಿದ್ದೀರಾ? ಪೊರೆಯನ್ನು ಮಾತ್ರ ಯಾವ ಕಾರಣಕ್ಕೂ ಎಸೆಯಬೇಡಿ.

ಕೊಪ್ಪದಹುಡುಗ (ಶಿವಮೊಗ್ಗ)

ಇದು ಖಂಡಿತವಾಗಿಯೂ ಸಾಯುವ ಲಕ್ಷಣ. ಕೂಡಲೇ ಒಂದು ಸಣ್ಣ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ, ಮುಚ್ಚಳ ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಅದನ್ನು ಇಡಿ. ಇದಕ್ಕೆ ಐಸಿಯು ಎನ್ನುತ್ತಾರೆ ಮತ್ತು ಹಳಬರೆಲ್ಲರೂ ಇದನ್ನೇ ಮಾಡುತ್ತಿದ್ದರು.

ಹಳೆಯಹವ್ಯಾಸಿ (ಸ್ಟುಟ್‌ಗಾರ್ಟ್)

ದಯವಿಟ್ಟು ಹಾಗೆ ಮಾಡಬೇಡಿ. ಹಳಬರು ಮಾಡುತ್ತಿದ್ದರು ಎಂಬುದು ನಿಜ, ಆದರೆ ಹಳಬರಲ್ಲಿ ಅನೇಕರು ಈಗ ಅದನ್ನು ಕೈಬಿಟ್ಟಿದ್ದಾರೆ. ಗಾಳಿಯಾಡದ ಒದ್ದೆ ಡಬ್ಬಿಯಲ್ಲಿ ಬೂಷ್ಟು ಬೆಳೆಯುತ್ತದೆ. ಅಲ್ಲದೆ ಟರಂಟುಲಾ ಬಾಯಿಯಿಂದ ನೀರು ಕುಡಿಯುವ ಪ್ರಾಣಿ, ಸುತ್ತಲಿನ ತೇವದ ಗಾಳಿ ಅದರ ಮೈಯೊಳಗೆ ಹೋಗಿ ನೀರಿನ ಕೊರತೆಯನ್ನು ತುಂಬುವುದಿಲ್ಲ. ಅದರ ಮುಂದೆ ಕುಡಿಯುವ ನೀರು ಇರಬೇಕು, ಅಷ್ಟೇ.

ಕಾಲು ಏಕೆ ಮುದುಡುತ್ತದೆ ಎಂಬುದನ್ನು ತಿಳಿದುಕೊಂಡರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಜೇಡದ ಕಾಲನ್ನು ಮಡಚಲು ಸ್ನಾಯುಗಳಿವೆ, ಆದರೆ ಕಾಲಿನ ಎರಡು ಮುಖ್ಯ ಕೀಲುಗಳಲ್ಲಿ ಅದನ್ನು ಚಾಚುವ ಸ್ನಾಯುಗಳೇ ಇಲ್ಲ. ಜೆಸಿಬಿಯ ತೋಳು ಎಣ್ಣೆಯ ಒತ್ತಡದಿಂದ ಚಾಚಿಕೊಳ್ಳುವಂತೆ ಜೇಡದ ಕಾಲು ಅದರ ರಕ್ತದ್ರವದ ಒತ್ತಡದಿಂದ ಚಾಚಿಕೊಳ್ಳುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ಒತ್ತಡ ಇಳಿಯುತ್ತದೆ, ಮಡಚುವ ಸ್ನಾಯುಗಳು ಮಾತ್ರ ಎಳೆಯುತ್ತಲೇ ಇರುತ್ತವೆ, ಆಗ ಕಾಲುಗಳು ಒಳಕ್ಕೆ ಸುತ್ತಿಕೊಳ್ಳುತ್ತವೆ. ಸತ್ತ ಜೇಡಗಳೆಲ್ಲವೂ ಮುದುಡಿರುವುದಕ್ಕೂ ಇದೇ ಕಾರಣ. ಪೊರೆ ಬಿಡುವಾಗ ಜೇಡ ಸಾಕಷ್ಟು ನೀರನ್ನು ಕಳೆದುಕೊಳ್ಳುತ್ತದೆ, ನಿಮ್ಮ ಮನೆಯಲ್ಲಿ ಹೀಟರ್‌ನಿಂದಾಗಿ ಗಾಳಿಯೂ ಒಣಗಿದೆ. ಆದ್ದರಿಂದ ನನ್ನ ಮೊದಲ ಅನುಮಾನ ನೀರಿನ ಕೊರತೆಯ ಮೇಲೆಯೇ ಇದೆ.

ಹಿಮದೂರು (ಮಿನಿಯಾಪೊಲಿಸ್)

ಇಷ್ಟು ಬೇಗ ಉತ್ತರಿಸಿದ್ದಕ್ಕೆ ಧನ್ಯವಾದ. ಕಾಲುಗಳು ಪೂರ್ತಿ ಅಡಿಗೆ ಸುತ್ತಿಕೊಂಡಿಲ್ಲ, ಮೊಣಕಾಲುಗಳು ಎತ್ತರದಲ್ಲಿವೆ ಮತ್ತು ಪಾದಗಳು ಮೈಗೆ ಹತ್ತಿರವಾಗಿವೆ. ಕುಂಚದಿಂದ ಹಿಂಗಾಲನ್ನು ಮೆಲ್ಲಗೆ ತಾಕಿದರೆ ನಿಧಾನವಾಗಿ ನಡೆಯುತ್ತದೆ. ಕೋರೆಗಳು ಕಡುಗೆಂಪಾಗಿ ಕಾಣುತ್ತಿವೆ. ಬಟ್ಟಲಿನಲ್ಲಿ ನೀರಿದೆ, ಆದರೆ ಅದು ಗೂಡಿನ ಇನ್ನೊಂದು ಮೂಲೆಯಲ್ಲಿದೆ. ಪೊರೆಯನ್ನು ಜೋಪಾನವಾಗಿ ಇಟ್ಟಿದ್ದೇವೆ.

ಎಂಟುಕಾಲು (ಬೆಂಗಳೂರು)

ಹಾಗಾದರೆ ಗಾಬರಿ ಬೇಡ. ಕೋರೆ ಕೆಂಪಾಗಿದ್ದರೆ ಆಹಾರ ನಿರಾಕರಿಸುವುದು ಸಹಜವೇ ಹೌದು. ಪೊರೆ ಬಿಟ್ಟ ಕೂಡಲೇ ಕೋರೆಗಳು ಬಿಳಿಯಾಗಿರುತ್ತವೆ, ಬಳಿಕ ಕೆಂಪಾಗುತ್ತವೆ, ಪೂರ್ತಿ ಗಟ್ಟಿಯಾದ ಮೇಲೆ ಕಪ್ಪಾಗುತ್ತವೆ. ಇಷ್ಟಾಗಲು ಮರಿಗಳಿಗೆ ಕೆಲವೇ ದಿನ ಸಾಕು, ಆದರೆ ಬೆಳೆದ ರೆಡ್‌ನೀಗೆ ಒಂದರಿಂದ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗುತ್ತದೆ. ಮೆತ್ತಗಿರುವಾಗಲೇ ಗಟ್ಟಿ ಜಿರಳೆಯನ್ನು ಕಚ್ಚಿದರೆ ಕೋರೆ ಬಾಗಬಹುದು ಅಥವಾ ಮುರಿಯಬಹುದು. ಜಿರಳೆಯನ್ನು ತೆಗೆದದ್ದು ಒಳ್ಳೆಯದಾಯಿತು, ಏಕೆಂದರೆ ಈ ಸ್ಥಿತಿಯಲ್ಲಿ ಹಸಿದ ಜಿರಳೆಯೋ ಕ್ರಿಕೆಟ್ ಹುಳುವೋ ಜೇಡವನ್ನೇ ಕಚ್ಚಿ ಗಾಯ ಮಾಡಿದ ಉದಾಹರಣೆಗಳಿವೆ. ಬೆಳೆದ ಟರಂಟುಲಾ ಆಹಾರವಿಲ್ಲದೆ ತಿಂಗಳುಗಟ್ಟಲೆ ಇರಬಲ್ಲದು, ಆದರೆ ನೀರಿಲ್ಲದೆ ಇರಲಾರದು.

ಪಶುವೈದ್ಯೆ_ಧಾರವಾಡ

ನೀರು ಕುಡಿಸುವ ವಿಧಾನವನ್ನು ಯಾರೂ ಸರಿಯಾಗಿ ಹೇಳದ ಕಾರಣ ನಾನು ಹೇಳುತ್ತೇನೆ. ಮೊದಲಿಗೆ, ಅಗಲವಾದ ತಗ್ಗು ಬಟ್ಟಲನ್ನು ಜೇಡದ ಪಕ್ಕದಲ್ಲೇ ಇಟ್ಟು ಒಂದು ರಾತ್ರಿ ಸುಮ್ಮನೆ ಬಿಡಿ. ಬಟ್ಟಲಿಗೆ ಸ್ಪಂಜು ಹಾಕಬೇಡಿ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆಯೇ ಹೊರತು ಬೇರೆ ಪ್ರಯೋಜನವಿಲ್ಲ. ತಾನಾಗಿ ಕುಡಿಯದೆ ಕಾಲುಗಳು ಇನ್ನಷ್ಟು ಒಳಕ್ಕೆ ಹೋದರೆ ಮಾತ್ರ, ಜೇಡದ ಮುಂಭಾಗವನ್ನು ಬಟ್ಟಲಿನ ಅಂಚಿಗೆ ಒರಗಿಸಿ ಬಾಯಿ ನೀರಿಗೆ ತಾಗುವಂತೆ ಇಡಬೇಕು. ಬಾಯಿ ಇರುವುದು ಮುಖದ ಮೇಲಲ್ಲ, ಕೆಳಭಾಗದಲ್ಲಿ, ಎರಡು ಕೋರೆಗಳ ಬುಡದ ಹಿಂದೆ. ಹೊಟ್ಟೆಯ ಭಾಗ ಮಾತ್ರ ನೀರಿನ ಹೊರಗೇ ಇರಬೇಕು, ಏಕೆಂದರೆ ಟರಂಟುಲಾದ ಎರಡು ಜೊತೆ ಶ್ವಾಸಕೋಶಗಳು ಹೊಟ್ಟೆಯ ಅಡಿಯಲ್ಲಿ ತೆರೆದುಕೊಳ್ಳುತ್ತವೆ. ಅವು ಮುಳುಗಿದರೆ ಉಸಿರಾಟಕ್ಕೆ ತೊಂದರೆಯಾಗುತ್ತದೆ.

ಸಕ್ಕರೆ ನೀರು, ಓಆರ್‌ಎಸ್, ಜೇನುತುಪ್ಪ ಇವು ಯಾವುವೂ ಬೇಡ. ಶುದ್ಧ ನೀರು ಸಾಕು.

ಕೊಪ್ಪದಹುಡುಗ (ಶಿವಮೊಗ್ಗ)

ಮೇಡಂ, ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ಒಣ ಹವೆಯಿಂದಲೇ ಕಾಲಿನ ಪೊರೆ ಅಂಟಿಕೊಂಡಿದೆ ಎಂದಾದರೆ, ತೇವಕ್ಕೆ ಪಾತ್ರವೇ ಇಲ್ಲ ಎಂದು ಹೇಗೆ ಹೇಳುತ್ತೀರಿ? ಹಳೆಯ ಚರ್ಮಕ್ಕೂ ಹೊಸ ಚರ್ಮಕ್ಕೂ ನಡುವೆ ಇರುವ ದ್ರವ ಒಣಗಿದರೆ ತಾನೇ ಪೊರೆ ಅಂಟುವುದು?

ಹಳೆಯಹವ್ಯಾಸಿ (ಸ್ಟುಟ್‌ಗಾರ್ಟ್)

ಪಾತ್ರವಿಲ್ಲ ಎಂದು ನಾನು ಹೇಳಲಿಲ್ಲ. ಒದ್ದೆ ಡಬ್ಬಿ ಬೇಡ ಎಂದೆ. ಆ ದ್ರವ ಹುಟ್ಟುವುದು ಜೇಡದ ಮೈಯಿಂದಲೇ, ಆದ್ದರಿಂದ ಪೊರೆ ಬಿಡುವ ಮೊದಲಿನ ವಾರಗಳಲ್ಲಿ ಅದು ಎಷ್ಟು ನೀರು ಕುಡಿದಿತ್ತು ಎಂಬುದು ಮುಖ್ಯ. ಈ ಜಾತಿ ಮೆಕ್ಸಿಕೋದ ಪೆಸಿಫಿಕ್ ಕರಾವಳಿಯ ಕೊಲಿಮಾ, ಹಾಲಿಸ್ಕೊ, ಮಿಚೊಅಕಾನ್ ಪ್ರಾಂತ್ಯಗಳದ್ದು. ಅಲ್ಲಿ ವರ್ಷದ ಬಹುಭಾಗ ಒಣ ಹವೆಯೇ ಇರುತ್ತದೆ, ಆದರೆ ಅದು ವಾಸಿಸುವ ಬಿಲದ ಒಳಗೆ ಮಣ್ಣಿನ ತೇವ ಉಳಿದಿರುತ್ತದೆ. ಗೂಡಿನಲ್ಲಿ ತೆಂಗಿನ ನಾರಿನ ಪುಡಿಯನ್ನು ದಪ್ಪವಾಗಿ ಹಾಸಿ, ಒಂದು ಮೂಲೆಯಲ್ಲಿ ನೀರು ಸುರಿದು ತಳದ ಪದರವನ್ನು ಮಾತ್ರ ತೇವವಾಗಿ ಇಟ್ಟರೆ ಆ ಸ್ಥಿತಿ ಸಿಗುತ್ತದೆ. ಒಣ ಜಾಗ, ತೇವದ ಜಾಗ ಎರಡೂ ಇದ್ದರೆ ಜೇಡ ತನಗೆ ಬೇಕಾದ ಕಡೆ ಹೋಗುತ್ತದೆ.

ಗೂಡಿಗೆ ದೀಪವನ್ನೋ ಹೀಟ್ ಮ್ಯಾಟನ್ನೋ ಹಾಕಿದ್ದರೆ ತೆಗೆಯಿರಿ. ನಿಮಗೆ ಮನೆಯೊಳಗೆ ಹಿತವಾಗಿದ್ದರೆ ಅದಕ್ಕೂ ಹಿತವೇ.

ಬಿಲದಬಾಗಿಲು (ಸಿರಸಿ)

ನಮ್ಮ ಕಡೆ ರಸ್ತೆ ಕಡಿದ ಜಂಬಿಟ್ಟಿಗೆ ಮಣ್ಣಿನ ದಂಡೆಗಳಲ್ಲಿ ಕಾಡು ಟರಂಟುಲಾಗಳ ಬಿಲಗಳು ಕಾಣುತ್ತವೆ. ತ್ರಿಗ್ಮೋಪಿಯಸ್ ಕುಲದ ಈ ಜೇಡಗಳು ಪಶ್ಚಿಮ ಘಟ್ಟಕ್ಕೇ ಸೀಮಿತವಾದವು, ಬ್ರಿಟಿಷ್ ವಿಜ್ಞಾನಿ ಪೋಕಾಕ್ 1899ರಲ್ಲಿ ಇವುಗಳನ್ನು ವಿವರಿಸಿದರು. ಬಿಲವಾಸಿ ಟರಂಟುಲಾಗಳು ಪೊರೆ ಬಿಡುವ ಮುನ್ನ ಬಿಲದ ಬಾಯನ್ನು ಮಣ್ಣು, ಬಲೆಗಳಿಂದ ಮುಚ್ಚಿಕೊಳ್ಳುವುದುಂಟು. ಒಳಗೆ ತಂಪು, ತೇವ, ಕತ್ತಲೆ ಇರುತ್ತದೆ ಮತ್ತು ಯಾರ ಕಾಟವೂ ಇರುವುದಿಲ್ಲ. ಸಾಕಿದ ಜೇಡಕ್ಕೆ ನಾವು ಕೊಡಬೇಕಾದದ್ದೂ ಅದನ್ನೇ ಎಂದು ನನಗೆ ಅನ್ನಿಸುತ್ತದೆ. ಹಿಮದೂರು ಅವರೇ, ಮಗಳಿಗೆ ಕುತೂಹಲ ಇರುವುದು ಸಹಜ, ಆದರೆ ಗೂಡಿನ ಮುಚ್ಚಳವನ್ನು ಪದೇಪದೇ ತೆರೆಯದಂತೆ ಅವಳಿಗೆ ತಿಳಿಸಿ ಹೇಳಿ.

ರಾಗಿಮುದ್ದೆ (ಮಂಡ್ಯ)

ಕಾಲಿಗೆ ಅಂಟಿದ ಪೊರೆಯನ್ನು ಚಿಮಟದಿಂದ ಎಳೆದುಬಿಟ್ಟರೆ ಆಯಿತಲ್ಲವೇ?

ಪಶುವೈದ್ಯೆ_ಧಾರವಾಡ

ಖಂಡಿತವಾಗಿಯೂ ಎಳೆಯಬಾರದು. ಒಳಗಿರುವ ಹೊಸ ಚರ್ಮ ಇನ್ನೂ ಗಟ್ಟಿಯಾಗಿರುವುದಿಲ್ಲ, ಎಳೆದರೆ ಕಾಲು ಹರಿಯಬಹುದು ಅಥವಾ ಜೇಡವೇ ಹೆದರಿ ಕಾಲನ್ನು ಬುಡದಿಂದ ಕಳಚಿಕೊಳ್ಳಬಹುದು. ಹರಿದ ಜಾಗದಿಂದ ತಿಳಿ ನೀಲಿ ಛಾಯೆಯ ದ್ರವ ಸೋರುತ್ತದೆ. ಅದೇ ಜೇಡದ ರಕ್ತ, ಅದರಲ್ಲಿ ಆಮ್ಲಜನಕ ಸಾಗಿಸುವ ಹಿಮೋಸಯನಿನ್‌ನಲ್ಲಿ ತಾಮ್ರ ಇರುವುದರಿಂದ ಆ ಬಣ್ಣ. ಮೇಲೆ ಹೇಳಿದ ಒತ್ತಡವೆಲ್ಲ ಈ ದ್ರವದ್ದೇ ಆದ ಕಾರಣ ಸ್ವಲ್ಪ ಸೋರಿದರೂ ಅಪಾಯ. ಅಂಥ ಸಂದರ್ಭದಲ್ಲಿ ಕಾರ್ನ್‌ಫ್ಲೋರ್ ಉದುರಿಸಿ ಸೋರಿಕೆ ನಿಲ್ಲಿಸಬೇಕು.

ಇಲ್ಲಿ ಕಾಲಿನ ತುದಿಯ ಚೂರು ಮಾತ್ರ ಅಂಟಿಕೊಂಡಿದೆ, ನಡಿಗೆಗೆ ಅಡ್ಡಿಯಿಲ್ಲ. ಕೋರೆ ಪೂರ್ತಿ ಕಪ್ಪಾಗುವವರೆಗೂ ಮುಟ್ಟದೆ ಬಿಡುವುದು ಲೇಸು. ಆಮೇಲೂ ಉಳಿದಿದ್ದರೆ, ನೀರಿಗೆ ಸ್ವಲ್ಪ ಗ್ಲಿಸರಿನ್ ಬೆರೆಸಿ ತೆಳು ಕುಂಚದಿಂದ ಆ ತುಂಡಿಗೆ ಮಾತ್ರ ಸವರಿ, ಮೆತ್ತಗಾಗಲು ಬಿಡಬಹುದು. ಒಂದು ವೇಳೆ ಕಾಲು ಹೋದರೂ ಜೇಡ ಸಾಯುವುದಿಲ್ಲ. ಮುಂದಿನ ಪೊರೆಯಲ್ಲಿ ಆ ಜಾಗದಲ್ಲಿ ಸಣಕಲು ಕಾಲೊಂದು ಬರುತ್ತದೆ, ಅನಂತರದ ಪೊರೆಗಳಲ್ಲಿ ಅದು ದಪ್ಪವಾಗುತ್ತದೆ.

ಎಂಟುಕಾಲು (ಬೆಂಗಳೂರು)

ಈಗ ಆ ಪೊರೆಯ ವಿಷಯಕ್ಕೆ ಬರೋಣ. ಎಲ್ಲರೂ ಕಾಲಿನ ಬಗ್ಗೆಯೇ ಚರ್ಚಿಸುತ್ತಿದ್ದೇವೆ, ಆದರೆ ನನಗೆ ನಿಜವಾಗಿ ಭಯವಿರುವುದು ಜಠರದೊಳಗಿನ ಪೊರೆಯ ಬಗ್ಗೆ. ಟರಂಟುಲಾ ಹೊರಗಿನ ಚರ್ಮವನ್ನು ಮಾತ್ರ ಕಳಚುವುದಿಲ್ಲ. ಬಾಯಿ, ಗಂಟಲು, ದ್ರವ ಆಹಾರವನ್ನು ಒಳಗೆ ಹೀರಿಕೊಳ್ಳುವ ಪಂಪಿನಂಥ ಜಠರ, ಶ್ವಾಸಕೋಶದ ಪದರಗಳು, ಹೆಣ್ಣಾದರೆ ವೀರ್ಯವನ್ನು ಕಾಪಿಡುವ ಚೀಲದ ಒಳಪದರ, ಇವೆಲ್ಲವನ್ನೂ ಕಳಚುತ್ತದೆ. ಹೀರುಜಠರದ ಒಳಪದರ ಹೊರಬರದೆ ಉಳಿದುಬಿಟ್ಟರೆ ಜೇಡ ಹೊರಗಿನಿಂದ ಆರೋಗ್ಯವಾಗಿಯೇ ಕಾಣುತ್ತದೆ, ಬೇಟೆಯನ್ನು ಹಿಡಿಯಲೂಬಹುದು, ಆದರೆ ನುಂಗಲಾರದು. ವಾರಗಳು ಕಳೆದಂತೆ ಹೊಟ್ಟೆ ಕುಗ್ಗುತ್ತಾ ಹೋಗುತ್ತದೆ. ಇದಕ್ಕೆ ನಂಬಬಹುದಾದ ಚಿಕಿತ್ಸೆ ಇದ್ದಂತಿಲ್ಲ, ಹೀಗಾಗಿಯೇ ಮೊದಲೇ ಪರೀಕ್ಷಿಸಿ ತಿಳಿದುಕೊಳ್ಳುವುದು ಒಳ್ಳೆಯದು.

ಪೊರೆಯನ್ನು ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದ ನೀರಿನಲ್ಲಿ ನೆನೆಸಿ. ಮೆತ್ತಗಾದ ಮೇಲೆ ಕಾಲುಗಳು ಸೇರುವ ಮುಂಭಾಗವನ್ನು ಒಳಗಿನಿಂದ ನೋಡಿ. ಕೋರೆಗಳ ಹಿಂದೆ, ಬಾಯಿಯ ಜಾಗದಿಂದ ಒಳಕ್ಕೆ ಚಾಚಿರುವ ಒಂದು ಸಣ್ಣ, ಪಾರದರ್ಶಕ ಕೊಳವೆಯಂಥ ಭಾಗ ಕಾಣಬೇಕು. ಅದು ಇದ್ದರೆ ಜಠರದ ಪೊರೆ ಹೊರಬಂದಿದೆ ಎಂದೇ ತಿಳಿಯಬಹುದು.

ಮೈಸೂರುಮಲ್ಲಿಗೆ (ಸ್ಯಾನ್ ಹೋಸೆ)

ಅದೇ ಪೊರೆಯಿಂದ ಹೆಣ್ಣೋ ಗಂಡೋ ಎಂಬುದನ್ನೂ ತಿಳಿದುಕೊಳ್ಳಿ. ಹೊಟ್ಟೆಯ ಭಾಗದಲ್ಲಿ ಮುಂದಿನ ಜೊತೆ ಶ್ವಾಸಕೋಶಗಳ ನಡುವೆ, ಒಳಗಡೆ, ಎದ್ದು ನಿಂತ ಸಣ್ಣ ಪಟ್ಟಿಯಂಥ ಭಾಗವಿದ್ದರೆ ಹೆಣ್ಣು. ಮಾರಿದವರ ಮಾತನ್ನೇ ನಂಬಬೇಕಾಗಿಲ್ಲ. ಒಂದು ವೇಳೆ ಗಂಡಾಗಿದ್ದು, ಇದು ಅದರ ಕೊನೆಯ ಪೊರೆಯಾಗಿದ್ದರೆ ಕಥೆಯೇ ಬೇರೆ. ಮುಂಗಾಲುಗಳ ಒಳಬದಿಯಲ್ಲಿ ಕೊಕ್ಕೆಗಳು ಮೂಡಿವೆಯೇ, ಬಾಯಿಯ ಪಕ್ಕದ ಎರಡು ಗಿಡ್ಡ ಕಾಲುಗಳ ತುದಿ ಉಂಡೆಯಾಗಿದೆಯೇ ಎಂದು ನೋಡಿ. ಹಾಗಿದ್ದರೆ ಆಹಾರದ ಆಸೆ ಕಡಿಮೆಯಾಗಿ, ಹೆಣ್ಣನ್ನು ಹುಡುಕುತ್ತಾ ಅಲೆಯುವುದು ಅದರ ಸ್ವಭಾವ. ಹೆಣ್ಣುಗಳು ಇಪ್ಪತ್ತು ವರ್ಷಕ್ಕೂ ಮೀರಿ ಬದುಕುತ್ತವೆ, ಗಂಡುಗಳು ಪ್ರಾಯಕ್ಕೆ ಬಂದ ಮೇಲೆ ಹೆಚ್ಚು ಕಾಲ ಇರುವುದಿಲ್ಲ.

ರಾಗಿಮುದ್ದೆ (ಮಂಡ್ಯ)

ಹುಳುಗಳ ರೋಗ ಇರಬಹುದೇ? ಬಾಯಿಯ ಬಳಿ ಬಿಳಿ ಹುಳುಗಳು ಸೇರಿಕೊಂಡು ಟರಂಟುಲಾಗಳು ಸಾಯುತ್ತವೆ ಎಂದು ಓದಿದ್ದೆ.

ಪಶುವೈದ್ಯೆ_ಧಾರವಾಡ

ಇರುವ ರೋಗವೇ, ಆದರೆ ಇಲ್ಲಿ ಅದರ ಲಕ್ಷಣಗಳಿಲ್ಲ. ಟರಂಟುಲಾಗಳ ಬಾಯಿಯಲ್ಲಿ ನೆಲೆಸುವ ನೆಮಟೋಡ್ ಎಂಬ ಸೂಕ್ಷ್ಮ ದುಂಡುಹುಳುಗಳಲ್ಲಿ ಒಂದು ಹೊಸ ಪ್ರಭೇದವನ್ನು ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2022ರಲ್ಲಿ ಟರಾಂಟೊಬೆಲಸ್ ಜೆಫ್‌ಡ್ಯಾನಿಯಲ್ಸಿ ಎಂಬ ಹೆಸರಿನಲ್ಲಿ ವಿವರಿಸಿದರು. ಸೋಂಕು ತಗುಲಿದ ಜೇಡದ ಬಾಯಿಯ ಸುತ್ತ ಬಿಳಿಯ ಲೋಳೆಯಂಥದ್ದು ಸೇರಿಕೊಳ್ಳುತ್ತದೆ, ಅದು ಆಹಾರ ಬಿಟ್ಟು ನಿಧಾನವಾಗಿ ಸೊರಗುತ್ತದೆ. ಇಲ್ಲಿಯಂತೂ ಕೋರೆ ಕೆಂಪಾಗಿರುವುದೇ ಆಹಾರ ಬಿಟ್ಟಿರುವುದಕ್ಕೆ ಸಾಕಾದ ಕಾರಣ. ಮನೆಯಲ್ಲಿ ಬೇರೆ ಜೇಡಗಳಿದ್ದರೆ ಮಾತ್ರ, ಮುನ್ನೆಚ್ಚರಿಕೆಯಾಗಿ ಒಂದಕ್ಕೆ ಬಳಸಿದ ಚಿಮಟವನ್ನು ಇನ್ನೊಂದಕ್ಕೆ ಬಳಸಬೇಡಿ.

ಜಯನಗರ_ಜೇಡ (ಬೆಂಗಳೂರು)

ಯಾರೂ ಕೇಳದ ಒಂದು ಪ್ರಶ್ನೆ ಇದೆ. ಮನೆಯಲ್ಲಿ ಇತ್ತೀಚೆಗೆ ಕೀಟನಾಶಕ ಹೊಡೆದಿದ್ದಾರೆಯೇ? ನಾಯಿಗೋ ಬೆಕ್ಕಿಗೋ ಚಿಗಟದ ಔಷಧ ಹಚ್ಚಿದ್ದೀರಾ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸೊಳ್ಳೆಗೆ ಹೊಗೆ ಹಾಕಿಸಿದ ಮೇಲೆ ನನ್ನ ಗೆಳೆಯನ ಜೇಡ ಕಾಲುಗಳನ್ನು ಅಡ್ಡಾದಿಡ್ಡಿಯಾಗಿ ಎಸೆಯುತ್ತಾ, ನಡೆಯಲಾರದೆ, ಕೊನೆಗೆ ಸತ್ತುಹೋಯಿತು. ಅದು ಪೊರೆ ಬಿಟ್ಟು ಹೆಚ್ಚು ಸಮಯವಾಗಿರಲಿಲ್ಲ. ಅದಕ್ಕೆ ಡಿಕೆಎಸ್ (ಡಿಸ್ಕೈನೆಟಿಕ್ ಸಿಂಡ್ರೋಮ್, ಅಂದರೆ ಚಲನೆಯ ಹಿಡಿತ ತಪ್ಪುವುದು) ಎಂಬ ರೋಗ ಬಂದಿತ್ತು.

ಹಳೆಯಹವ್ಯಾಸಿ (ಸ್ಟುಟ್‌ಗಾರ್ಟ್)

ಕೇಳಿ ದುಃಖವಾಯಿತು. ಆದರೆ ಡಿಕೆಎಸ್ ಒಂದು ರೋಗ ಎಂಬುದನ್ನು ನಾನು ಒಪ್ಪುವುದಿಲ್ಲ. ಸಾಕುವವರು ಕೆಲವು ಲಕ್ಷಣಗಳ ಗುಂಪಿಗೆ ಕೊಟ್ಟುಕೊಂಡ ಹೆಸರು ಅದು. ನರಗಳ ಮೇಲೆ ಯಾವ ವಿಷ ಕೆಲಸ ಮಾಡಿದರೂ ಜೇಡ ಹಾಗೆಯೇ ನಡುಗುತ್ತದೆ. ರೋಗದ ಹೆಸರು ಹೇಳಿ ಸುಮ್ಮನಾದರೆ ಕಾರಣವನ್ನು ಹುಡುಕುವುದೇ ನಿಂತುಹೋಗುತ್ತದೆ.

ಜಯನಗರ_ಜೇಡ (ಬೆಂಗಳೂರು)

ಹೆಸರು ಯಾವುದಾದರೂ ಇರಲಿ, ನನ್ನ ಪ್ರಶ್ನೆ ಕಾರಣದ ಬಗ್ಗೆಯೇ ಇತ್ತು. ಭಾರತದಲ್ಲಿ ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ದ್ರಾವಣಗಳಲ್ಲಿ ಟ್ರಾನ್ಸ್‌ಫ್ಲುಥ್ರಿನ್, ಪ್ರಾಲೆಥ್ರಿನ್‌ನಂಥ ಪೈರೆಥ್ರಾಯ್ಡ್‌ಗಳು ಇರುತ್ತವೆ. ಸೊಳ್ಳೆಯ ನರಗಳನ್ನು ಕೆಡಿಸುವ ವಸ್ತು ಜೇಡದ ನರಗಳನ್ನೂ ಕೆಡಿಸಬಲ್ಲದು. ಜೇಡ ಇರುವ ಕೋಣೆಯಲ್ಲಿ ಅದನ್ನು ಉರಿಸಲೇಬಾರದು, ಸೊಳ್ಳೆಪರದೆ ಕಟ್ಟಿಕೊಳ್ಳಬೇಕು.

ಪಶುವೈದ್ಯೆ_ಧಾರವಾಡ

ಈ ವಿಷಯದಲ್ಲಿ ಇಬ್ಬರೂ ಹೇಳುವುದು ಸರಿ. ಆದರೆ ಕೆಂಪಿಗೆ ನಡುಕವಿಲ್ಲ, ನಿಧಾನವಾಗಿಯಾದರೂ ಸರಿಯಾಗಿ ನಡೆಯುತ್ತಿದೆ. ಆದ್ದರಿಂದ ಸದ್ಯಕ್ಕೆ ವಿಷದ ಅನುಮಾನ ಬೇಡ.

ಕೊಪ್ಪದಹುಡುಗ (ಶಿವಮೊಗ್ಗ)

ನಾನೂ ಒಂದನ್ನು ಸಾಕಬೇಕೆಂದಿದ್ದೇನೆ. ನಮ್ಮ ಕಾಡಿನಲ್ಲೇ ಸಿಗುವುದನ್ನು ತಂದರೆ ಹವಾಮಾನದ ತೊಂದರೆ ಇರುವುದಿಲ್ಲ ಅಲ್ಲವೇ?

ಬಿಲದಬಾಗಿಲು (ಸಿರಸಿ)

ತಮ್ಮಾ, ದಯವಿಟ್ಟು ಕಾಡಿನಿಂದ ತರಬೇಡ. ಬೆಳೆದ ಹೆಣ್ಣು ಜೇಡ ಒಂದೇ ಬಿಲದಲ್ಲಿ ವರ್ಷಾನುಗಟ್ಟಲೆ ಬಾಳುತ್ತದೆ, ಅದನ್ನು ಅಗೆದು ತೆಗೆದರೆ ಆ ದಂಡೆಯಲ್ಲಿ ಇನ್ನೊಂದು ಬೆಳೆಯಲು ಎಷ್ಟೋ ಕಾಲ ಬೇಕು. ನಮ್ಮ ದೇಶದ ಪಿಸಿಲೋಥೀರಿಯಾ ಕುಲದ ಮರವಾಸಿ ಟರಂಟುಲಾಗಳು ಸಾಕುಪ್ರಾಣಿ ವ್ಯಾಪಾರದಿಂದಲೂ ಅಪಾಯಕ್ಕೆ ಸಿಲುಕಿ, 2019ರಲ್ಲಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿದವು. ರೆಡ್‌ನೀ ಸೇರಿರುವ ಬ್ರಾಕಿಪೆಲ್ಮಾ ಕುಲವೂ ಅದೇ ಅನುಬಂಧದಲ್ಲಿದೆ. ಸೈಟಿಸ್ ಪಟ್ಟಿಯಲ್ಲಿದ್ದು ನಮ್ಮ ವನ್ಯಜೀವಿ ಕಾಯ್ದೆಯ ನಾಲ್ಕನೆಯ ಅನುಸೂಚಿಗೆ ಸೇರಿರುವ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕೊಳ್ಳುವ ಮೊದಲು ಅರಣ್ಯ ಇಲಾಖೆಯವರನ್ನು ವಿಚಾರಿಸು.

ಹಿಮದೂರು (ಮಿನಿಯಾಪೊಲಿಸ್)

ಎಲ್ಲರಿಗೂ ಹೊಸ ಸುದ್ದಿ ತಿಳಿಸುತ್ತಿದ್ದೇನೆ. ಬಟ್ಟಲನ್ನು ಪಕ್ಕದಲ್ಲಿಟ್ಟ ರಾತ್ರಿಯೇ ಕೆಂಪಿ ಅದರ ಮೇಲೆ ಬಾಗಿ ಬಹಳ ಹೊತ್ತು ನೀರು ಕುಡಿಯಿತು. ಮರುದಿನವೇ ಪಾದಗಳು ಮೈಯಿಂದ ದೂರ ಸರಿದಿದ್ದವು. ಈಗ ಅದು ಹಿಂದಿನಂತೆ ಕಾಲು ಚಾಚಿ ಕೂರುತ್ತಿದೆ. ಗೂಡಿನ ಒಂದು ಮೂಲೆಗೆ ನೀರು ಸುರಿದು ತಳವನ್ನು ತೇವ ಮಾಡಿದ್ದೇವೆ. ಮನೆಯಲ್ಲಿ ನಾಯಿ, ಬೆಕ್ಕು ಇಲ್ಲ, ಕೀಟನಾಶಕವನ್ನೂ ಬಳಸಿಲ್ಲ.

ಪೊರೆಯನ್ನು ನೆನೆಸಿ ಮಗಳೂ ನಾನೂ ಭೂತಗನ್ನಡಿ ಹಿಡಿದು ನೋಡಿದೆವು. ಎಂಟುಕಾಲು ಅವರು ಹೇಳಿದ ಪಾರದರ್ಶಕ ಕೊಳವೆ ಸ್ಪಷ್ಟವಾಗಿ ಕಾಣಿಸಿತು. ಶ್ವಾಸಕೋಶಗಳ ನಡುವಿನ ಪಟ್ಟಿಯೂ ಇದೆ, ಆದ್ದರಿಂದ ಹೆಣ್ಣೆಂಬುದು ಖಚಿತವಾಯಿತು. ಕಾಲಿನ ತುದಿಯ ತುಂಡು ಮಾತ್ರ ಇನ್ನೂ ಹಾಗೆಯೇ ಇದೆ. ಕೋರೆಗಳು ಕಪ್ಪಾದಂತೆ ಕಾಣುತ್ತಿವೆ. ಆಹಾರ ಕೊಡಬಹುದೇ?

ಎಂಟುಕಾಲು (ಬೆಂಗಳೂರು)

ಬಹಳ ಸಂತೋಷದ ಸುದ್ದಿ! ಕಪ್ಪಾದಂತೆ ಕಂಡ ಮೇಲೂ ಕೆಲವು ದಿನ ತಡೆಯಿರಿ. ಮೊದಲ ಸಲ ಸಣ್ಣದಾದ, ಮೆತ್ತಗಿನ ಹುಳುವನ್ನು ತಲೆ ಜಜ್ಜಿ ಸಾಯಿಸಿ, ಸಂಜೆ ಅದರ ಮುಂದಿಡಿ. ಬೆಳಗ್ಗೆವರೆಗೂ ಮುಟ್ಟದಿದ್ದರೆ ತೆಗೆದು, ಒಂದು ವಾರ ಬಿಟ್ಟು ಮತ್ತೆ ಪ್ರಯತ್ನಿಸಿ. ತಿಂದಿತು ಎನ್ನುವುದಕ್ಕೆ ಗುರುತು ಹುಳುವನ್ನು ಹಿಡಿದದ್ದಲ್ಲ. ರಸ ಹೀರಿದ ಮೇಲೆ ಉಳಿಯುವ ಒಣ ಉಂಡೆ ಗೂಡಿನಲ್ಲಿ ಸಿಗಬೇಕು ಮತ್ತು ಹೊಟ್ಟೆ ಕ್ರಮೇಣ ತುಂಬಿಕೊಳ್ಳಬೇಕು.

ಕೊಪ್ಪದಹುಡುಗ (ಶಿವಮೊಗ್ಗ)

ಕಾಲಿನ ತುಂಡಿಗೆ ಈಗ ಗ್ಲಿಸರಿನ್ ಹಚ್ಚಬಹುದೇ?

ಪಶುವೈದ್ಯೆ_ಧಾರವಾಡ

ಹಚ್ಚಬಹುದು, ಆದರೆ ಅವಸರವಿಲ್ಲ. ಮೊದಲ ಊಟ ಆಗಲಿ. ಆ ತುಂಡಿನ ಕೆಳಗಿನ ಕಾಲು ಕಪ್ಪಾಗಿ ಬತ್ತುತ್ತಿದೆಯೇ, ಅಥವಾ ಬಿಗಿದ ಜಾಗದ ಮೇಲ್ಭಾಗ ಊದಿಕೊಂಡಿದೆಯೇ ಎಂಬುದನ್ನು ಮಾತ್ರ ಆಗಾಗ ಗಮನಿಸಿ. ಹಾಗೆ ಕಂಡರೆ ನಿಮ್ಮ ಊರಿನಲ್ಲಿ ವಿಶೇಷ ಸಾಕುಪ್ರಾಣಿಗಳನ್ನು ನೋಡುವ ಪಶುವೈದ್ಯರಿಗೆ ತೋರಿಸಿ. ಅವರು ಐಸೋಫ್ಲೂರೇನ್ ಅನಿಲದಿಂದ ಜೇಡಕ್ಕೆ ಅರಿವಳಿಕೆ ಕೊಟ್ಟು ಆ ತುಂಡನ್ನು ತೆಗೆಯಬಲ್ಲರು. ಹಾಗೇನೂ ಕಾಣದಿದ್ದರೆ ಮುಂದಿನ ಪೊರೆಯ ಜೊತೆ ಅದೂ ಹೋಗುವ ಸಾಧ್ಯತೆಯೇ ಹೆಚ್ಚು. ಬೆಳೆದ ಹೆಣ್ಣು ಮತ್ತೆ ಪೊರೆ ಬಿಡಲು ಒಂದು ವರ್ಷ, ಎರಡು ವರ್ಷವೂ ಆಗಬಹುದು. ಅಲ್ಲಿಯವರೆಗೂ, ಅದರಲ್ಲೂ ಹೀಟರ್ ಓಡುವ ತಿಂಗಳುಗಳಲ್ಲಿ, ಬಟ್ಟಲು ಬತ್ತದಂತೆ ನೋಡಿಕೊಳ್ಳಿ.

ಹಿಮದೂರು (ಮಿನಿಯಾಪೊಲಿಸ್)

ಆಗಲಿ ಮೇಡಂ. ಬಟ್ಟಲಿನ ಜವಾಬ್ದಾರಿಯನ್ನು ಮಗಳು ವಹಿಸಿಕೊಂಡಿದ್ದಾಳೆ. ಆಹಾರ ಕೊಟ್ಟ ಮೇಲೆ ಏನಾಯಿತೆಂದು ಇಲ್ಲಿಯೇ ತಿಳಿಸುತ್ತೇನೆ.